ಅಗಲದ ಪೌಡರ್ ಸ್ಕೀ: ಕೊಳ್ಳುವ ಮೊದಲು ಆಳದ ಹಿಮದಲ್ಲಿ ಓಡಿಸಿ ನೋಡಿ

ಕಾರವಾರ, ಶಿರಸಿ ಕಡೆಯಿಂದ ಗುಲ್ಮಾರ್ಗಿಗೆ ಹೋಗಿ ಸ್ಕೀ ಕಲಿತವರಿಗೆ ಪುಡಿ ಹಿಮದ ಹುಚ್ಚು ಹತ್ತಿದ ಮೇಲೆ ಬರುವ ಪ್ರಶ್ನೆ ಒಂದೇ: 185 ಸೆಂ.ಮೀ. ಉದ್ದ, ನಡುವಿನಲ್ಲಿ 115 ಮಿ.ಮೀ. ಅಗಲದ ಸ್ಕೀ ತಗೊಳ್ಳಬಹುದಾ? ತಗೊಳ್ಳಬಹುದು. ಆದರೆ ಅಂಗಡಿಯಲ್ಲಿ ಬಗ್ಗಿಸಿ ನೋಡಿದರೆ ಏನೂ ತಿಳಿಯುವುದಿಲ್ಲ. ಗಟ್ಟಿ ಹಿಮದಲ್ಲಿ ಓಡಿಸಿದರೆ ತಪ್ಪು ಅಭಿಪ್ರಾಯವೇ ಬರುತ್ತದೆ: ಒಂದು ಅಂಚಿನಿಂದ ಇನ್ನೊಂದಕ್ಕೆ ಹೊರಳಲು ತಡ, ತುದಿ ಪಟಪಟ ಬಡಿಯುತ್ತದೆ, ಮೊಣಕಾಲಿಗೆ ನೋವು. ಅಗಲದ ಸ್ಕೀಗೆ ಅಲ್ಲಿ ಅದು ಸಹಜ, ದೋಷವಲ್ಲ.

ನಮ್ಮ ನಾಡದೋಣಿಗೆ ಎಂಜಿನ್ ಕೂರಿಸಿ ವೇಗ ಕೊಟ್ಟರೆ ಮುಂಭಾಗ ಎದ್ದು, ನೀರನ್ನು ಸೀಳುವುದು ಬಿಟ್ಟು ಅದರ ಮೇಲೆ ಜಾರುತ್ತದಲ್ಲ, ಪೌಡರ್ ಸ್ಕೀ ಕೆಲಸವೂ ಅಷ್ಟೇ. 2002ರಲ್ಲಿ ಬಂದ ವೋಲಂಟ್ ಸ್ಪಾಚುಲಾ ಸ್ಕೀಯನ್ನು ಸ್ಕೀ ಆಟಗಾರ ಶೇನ್ ಮೆಕಾಂಕಿ ರೂಪಿಸಿದ್ದು ವಾಟರ್ ಸ್ಕೀ ನೋಡಿಯೇ. ಅದರ ಎರಡೂ ತುದಿ ಮೇಲಕ್ಕೆ ಬಾಗಿದ್ದವು, ನಡು ಎಲ್ಲಕ್ಕಿಂತ ಅಗಲ. ಈಗಿನವು ಅಷ್ಟು ವಿಪರೀತವಲ್ಲ. ತುದಿ, ಬಾಲಗಳಲ್ಲಿ ರಾಕರ್ (ಮೇಲಕ್ಕೆ ಬಾಗಿದ ಆಕಾರ) ಇದ್ದು ಪಾದದ ಕೆಳಗೆ ಸ್ವಲ್ಪ ಕ್ಯಾಂಬರ್ (ಕಮಾನಿನಂತೆ ಉಬ್ಬಿದ ಆಕಾರ) ಉಳಿಸಿರುತ್ತಾರೆ. ರಾಕರ್ ಹೆಚ್ಚಿದ್ದಷ್ಟೂ ಹಿಮ ಕಚ್ಚುವ ಅಂಚಿನ ಉದ್ದ ಕಡಿಮೆ. ಹಾಗಾಗಿ 185 ಎಂದು ಹೆದರಿ ಗಿಡ್ಡದಕ್ಕೆ ಇಳಿಯುವುದು ಬೇಡ.

ಬಾಡಿಗೆಗೆ ಪಡೆಯುವಾಗ ಹಳಿಯ ಮೇಲೆ ಹಿಂದೆ ಮುಂದೆ ಸರಿಯುವ ಡೆಮೊ ಬೈಂಡಿಂಗ್ (ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ) ಇರುವುದನ್ನೇ ಕೇಳಿ. ಬೂಟಿನ ಹಿಮ್ಮಡಿಯ ಪಕ್ಕದಲ್ಲಿ ಮಿ.ಮೀ. ಲೆಕ್ಕದಲ್ಲಿ ಬರೆದಿರುವ ಅಡಿಭಾಗದ ಉದ್ದ, ನಿಮ್ಮ ತೂಕ, ಎತ್ತರ, ವಯಸ್ಸು, ಓಡಿಸುವ ರೀತಿ ಎಲ್ಲ ಹೇಳಿ, ಬಿದ್ದಾಗ ಬೂಟು ಎಷ್ಟು ಬಲಕ್ಕೆ ಕಳಚಬೇಕು ಎಂಬ ಬಿಡುಗಡೆಯ ಸಂಖ್ಯೆ ಹೊಂದಿಸಿಕೊಳ್ಳಿ. ಅಂದಾಜಿನಲ್ಲಿ ತಿರುಗಿಸಲು ಬಿಡಬೇಡಿ. ಕೊಳ್ಳುವಾಗ ಬೈಂಡಿಂಗಿನ ಬ್ರೇಕ್ (ಕಳಚಿದ ಸ್ಕೀ ಜಾರಿಹೋಗದಂತೆ ತಡೆಯುವ ಕಡ್ಡಿಗಳು) ಸ್ಕೀ ನಡುವಿನ ಅಗಲಕ್ಕಿಂತ ಸ್ವಲ್ಪ ಹೆಚ್ಚು ಅಗಲವಿರಲಿ, 15 ಮಿ.ಮೀ. ಮೀರಿದರೆ ಅಂಚಿನ ಮೇಲೆ ವಾಲಿದಾಗ ಹಿಮಕ್ಕೆ ತಾಗುತ್ತದೆ. ಆಳದ ಹಿಮದಲ್ಲಿ ಕಳಚಿದ ಸ್ಕೀಯನ್ನು ಬ್ರೇಕ್ ಉಳಿಸಿಕೊಡುವುದಿಲ್ಲ, ಒಳಗೆ ಹೂತುಹೋಗುತ್ತದೆ. ಬೈಂಡಿಂಗಿಗೆ ಉದ್ದನೆಯ ಬಣ್ಣದ ಪಟ್ಟಿ ಕಟ್ಟಿ ಪ್ಯಾಂಟಿನೊಳಗೆ ಸೇರಿಸಿ. ಕಳೆದರೆ ಬಿದ್ದ ಜಾಗದಿಂದ ಮೇಲ್ಗಡೆ ಹುಡುಕಿ, ಕೆಳಗಲ್ಲ.

ಪರೀಕ್ಷೆಗೆ 25 ಡಿಗ್ರಿ ಆಸುಪಾಸಿನ ಇಳಿಜಾರು ಸಾಕು. 30 ದಾಟಿದರೆ ಹಿಮಕುಸಿತದ ವಲಯ. ನೀವು ನಿಂತ ಜಾಗದ ಇಳಿಜಾರು ಕಡಿಮೆಯಿದ್ದರೂ ತಲೆಯ ಮೇಲೆ ಕಡಿದಾದದ್ದು ಇರಬಾರದು. ಬೀಕನ್ (ಹೂತವರನ್ನು ಪತ್ತೆಹಚ್ಚುವ ರೇಡಿಯೊ ಸಾಧನ), ಸಲಿಕೆ, ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದನೆಯ ಕಡ್ಡಿ), ಜೊತೆಗೊಬ್ಬ ಇಲ್ಲದೆ ಗುಲ್ಮಾರ್ಗಿನ ಅಫರ್ವತ್ ಬೆಟ್ಟದಲ್ಲಿ ಗಡಿ ಗುರುತಿನ ಹಗ್ಗ ದಾಟಬೇಡಿ.

ಒಂದೇ ಇಳಿಜಾರಿನಲ್ಲಿ ಮೊದಲು ನಿಧಾನ, ಆಮೇಲೆ ಜೋರು. ಹಿಂದಕ್ಕೆ ವಾಲದೆ ನಡುವೆ ನಿಲ್ಲಿ. ತುದಿ ಮುಳುಗುತ್ತಿದ್ದರೆ ಬೈಂಡಿಂಗ್ 1 ಸೆಂ.ಮೀ. ಹಿಂದೆ ಸರಿಸಿ ಮತ್ತೆ ಇಳಿಯಿರಿ, 2 ಸೆಂ.ಮೀ. ಸರಿಸಿಯೂ ಮುಳುಗಿದರೆ ಆ ಸ್ಕೀ ನಿಮ್ಮ ತೂಕಕ್ಕೆ ಗಿಡ್ಡ ಅಥವಾ ಮುಂಭಾಗ ತೀರಾ ಮೆದು. ಹಿಂದೆ ಸರಿಸಿದಷ್ಟೂ ತಿರುಗಿಸುವುದು ಕಷ್ಟ, ಅದನ್ನೂ ಗಮನಿಸಿ. ತಿರುವು ಮುಗಿಯುವಾಗ ಬಾಲ ಜಾರದೆ ಸಿಕ್ಕಿಕೊಂಡರೆ ಬಾಲ ಗಡುಸು ಅಥವಾ ಅಂಚು ಅತಿ ಚೂಪು. ಎರಡು ತುದಿಗಳಲ್ಲೂ ಅಂಚನ್ನು ಸ್ವಲ್ಪ ಮೊಂಡು ಮಾಡಿಸಿ, ಮತ್ತೆ ನೋಡಿ. ಕೊನೆಗೆ ಮಧ್ಯಾಹ್ನ, ಬೇರೆಯವರು ತುಳಿದು ಗಡ್ಡೆಗಟ್ಟಿದ ಹಿಮದಲ್ಲೂ ಓಡಿಸಿ. ಹಗುರ ಸ್ಕೀಗಳ ಬಣ್ಣ ಬಯಲಾಗುವುದು ಇಲ್ಲೇ: ಗಡ್ಡೆ ತಾಗಿದ ಕಡೆಗೆಲ್ಲ ತಿರುಗುತ್ತವೆ.

ತೂಕದ ಲೆಕ್ಕ ಬೇರೆ ಇದೆ. ಬೈಂಡಿಂಗ್ ಸೇರಿ ಜೋಡಿ ಆರೂವರೆ ಕೆ.ಜಿ., ಬೂಟು ನಾಲ್ಕು. ಗೋವಾ ಆಗಲಿ ಹುಬ್ಬಳ್ಳಿ ಆಗಲಿ, ವಿಮಾನದಲ್ಲಿ ಸಾಮಾನ್ಯವಾಗಿ ಬಿಡುವ 15 ಕೆ.ಜಿ.ಯಲ್ಲಿ ಬಟ್ಟೆಗೆ ಉಳಿಯುವುದು ಅಷ್ಟಕ್ಕಷ್ಟೇ.

ಕೊಂಡು ತಂದ ಮೇಲೆ ನಮ್ಮ ಕರಾವಳಿಯ ಉಪ್ಪುಗಾಳಿಯೇ ಅದಕ್ಕೆ ದೊಡ್ಡ ವೈರಿ. ಉಕ್ಕಿನ ಅಂಚು ಮಳೆಗಾಲದಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಒರೆಸಿ ಒಣಗಿಸಿ, ತಳಕ್ಕೆ ಮೇಣ ಕರಗಿಸಿ ಹಚ್ಚುವಾಗ ಅಂಚಿನ ಮೇಲೂ ಹರಿಯಲು ಬಿಡಿ, ಕೆರೆಯದೆ ಹಾಗೇ ಇಡಿ. ಮುಚ್ಚಿದ ಚೀಲ ಬೇಡ. ಶಿರಸಿ ಕಡೆಯವರು ಬೂಟಿನ ಒಳಪದರವನ್ನು ಹೊರತೆಗೆದಿಡಿ, ಬೂಷ್ಟು ಬರುತ್ತದೆ.