ಹಿಂದಿನ ಸೀಟಿಗೂ ಒಂದು ಹ್ಯಾಂಡಲ್

ಕಳೆದ ಆಗಸ್ಟ್‌ನಲ್ಲಿ ಅಮ್ಮ ತುಮಕೂರಿನಿಂದ ನಮ್ಮ ಮನೆಗೆ ಬಂದಿದ್ದಳು. ಮಿಶಿಗನ್‌ವರೆಗೂ ಬಂದವಳಿಗೆ ವುಡ್‌ವರ್ಡ್ ಡ್ರೀಮ್ ಕ್ರೂಸ್ ತೋರಿಸದೆ ಕಳಿಸೋದು ಹೇಗೆ ಅಂತ ಶನಿವಾರ ಬೆಳಿಗ್ಗೆಯೇ ಕರೆದುಕೊಂಡು ಹೊರಟೆ. ಇದು 1995ರಲ್ಲಿ ಶುರುವಾದದ್ದು. ಡೆಟ್ರಾಯಿಟ್ ಪಕ್ಕದ ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ ಹಳೇ ಕಾರುಗಳು ಸಾಲಾಗಿ ಹೋಗುತ್ತವೆ, ಜನ ರಸ್ತೆ ಬದಿಗೆ ಮಡಚುವ ಕುರ್ಚಿ ಹಾಕಿಕೊಂಡು ಕೂತು ನೋಡುತ್ತಾರೆ. ತೇರಿನ ದಿನ ರಥಬೀದಿ ಇರುತ್ತಲ್ಲ, ಹಾಗೇ. ಅಮ್ಮನಿಗೆ ಕಾರು ಅಂದರೆ ಅಷ್ಟಕ್ಕಷ್ಟೆ. ಬಿಸಿಲಿಗೆ ಟೋಪಿ ಹಾಕಿಕೊಂಡು ಸುಮ್ನೆ ನನ್ನ ಹಿಂದೆ ಬಂದಳು.

ಒಂದು ಪಾರ್ಕಿಂಗ್ ಲಾಟ್‌ನಲ್ಲಿ ಎರಡು ಬ್ಯೂಕ್ ರಿವಿಯೆರಾ ಅಕ್ಕಪಕ್ಕ ನಿಂತಿದ್ದವು. ಒಂದು 1963ರದ್ದು, ಇನ್ನೊಂದು 1965ರದ್ದು. ನಾನು ಅಲ್ಲೇ ನಿಂತುಬಿಟ್ಟೆ. ಅಮೆರಿಕದವರು ಮಾಡಿದ ಕಾರುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. 63ರ ಕಾರಿನ ಅಜ್ಜ ನಮ್ಮನ್ನು ನೋಡಿ, ಒಳಗೆ ಕೂತು ನೋಡಿ ಅಂತ ಬಾಗಿಲು ತೆಗೆದರು. ಎರಡೇ ಬಾಗಿಲಿನ ಕಾರು. ಅಮ್ಮ ಮುಂದೆ ಕೂರಲು ಒಪ್ಪದೆ ಹಿಂದಕ್ಕೆ ನುಸುಳಿದಳು. ದೊಡ್ಡಪ್ಪನ ಹತ್ತಿರ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು. ಅದರ ಹಿಂದಿನ ಸೀಟಿಗೆ ಹೋದರೆ ಮುಂದಿನವರು ಕರುಣೆ ತೋರಿಸುವವರೆಗೂ ಹೊರಗೆ ಬರುವ ಹಾಗಿಲ್ಲ. ಈ ಕಾರಿನಲ್ಲಿ ಹಾಗಲ್ಲ. ಬಾಗಿಲು ಎಷ್ಟು ಉದ್ದ ಅಂದರೆ ಒಳಗಡೆ ಎರಡು ಹ್ಯಾಂಡಲ್ ಕೊಟ್ಟಿದ್ದಾರೆ, ಮುಂದಿನವರಿಗೊಂದು, ಹಿಂದೆ ಕೂತವರ ಕೈಗೆ ಸಿಗುವ ಹಾಗೆ ಇನ್ನೊಂದು. ಅಮ್ಮ ಅದನ್ನು ಎಳೆದಳು, ಬಾಗಿಲು ತೆರೆಯಿತು.

"ಪರವಾಗಿಲ್ಲ ಕಣೋ, ಹಿಂದೆ ಕೂತವರೂ ಮನುಷ್ಯರೇ ಅಂತ ಇವರಿಗೆ ಗೊತ್ತು" ಅಂದಳು.

ಇಂಥ ಕಾರುಗಳಿಗೆ ಅಮೆರಿಕದಲ್ಲಿ ಪರ್ಸನಲ್ ಲಕ್ಷುರಿ ಕಾರ್ ಅಂತ ಹೆಸರು. ಸಂಸಾರ, ಸಾಮಾನು ಹೇರೋದಕ್ಕೆ ಅಲ್ಲ, ರೇಸಿಗೂ ಅಲ್ಲ. ಓಡಿಸುವವರ ಖುಷಿಗೆ, ಸ್ವಲ್ಪ ಶೋಕಿಗೆ. ಈ ಮಾರುಕಟ್ಟೆಯನ್ನು ಮೊದಲು ಹಿಡಿದದ್ದು ಫೋರ್ಡ್. 1955ರಲ್ಲಿ ಬಂದ ಥಂಡರ್‌ಬರ್ಡ್‌ಗೆ ಎರಡೇ ಸೀಟು. ಮೂರು ವರ್ಷದಲ್ಲಿ ಒಟ್ಟು ತಯಾರಾದದ್ದು ಸುಮಾರು 53,000. ಇದು ಸಾಲದು, ನಾಲ್ಕು ಸೀಟು ಬೇಕು ಅಂತ ಪಟ್ಟು ಹಿಡಿದವರು ರಾಬರ್ಟ್ ಮೆಕ್‌ನಮಾರಾ. ಹೌದು, ಮುಂದೆ ವಿಯೆಟ್ನಾಂ ಯುದ್ಧದ ಹೊತ್ತಿಗೆ ರಕ್ಷಣಾ ಮಂತ್ರಿಯಾದರಲ್ಲ, ಅವರೇ. 1958ರಲ್ಲಿ ನಾಲ್ಕು ಸೀಟಿನದ್ದು ಬಂತು, 1960ರ ಮಾಡೆಲ್ 90,000 ದಾಟಿತು. ಬ್ಯೂಕ್, ಕ್ಯಾಡಿಲಾಕ್ ಎಲ್ಲ ತನ್ನವೇ ಆಗಿದ್ದ ಜನರಲ್ ಮೋಟರ್ಸ್ ಹತ್ತಿರ ಇದಕ್ಕೆ ಎದುರು ನಿಲ್ಲಿಸಲು ಏನೂ ಇರಲಿಲ್ಲ.

ಆಗ ಅಲ್ಲಿ ವಿನ್ಯಾಸ ವಿಭಾಗದ ಮುಖ್ಯಸ್ಥ ಬಿಲ್ ಮಿಚೆಲ್. ಲಂಡನ್‌ನಲ್ಲಿ ಮಂಜು ಮುಸುಕಿದ ಒಂದು ದಿನ, ಹೋಟೆಲ್ ಮುಂದೆ ಒಂದು ರೋಲ್ಸ್ ರಾಯ್ಸ್ ನಿಂತದ್ದನ್ನು ನೋಡಿದೆ, ಅದರ ಚಾಕುವಿನ ಅಂಚಿನಂಥ ಗೆರೆಗಳು ತಲೆಯಲ್ಲಿ ಉಳಿದವು ಅಂತ ಅವರೇ ಹೇಳಿಕೊಂಡಿದ್ದಾರೆ. ಕಥೆಗೆ ಸ್ವಲ್ಪ ಉಪ್ಪು ಖಾರ ಹಾಕಿರಬಹುದು, ಮಿಚೆಲ್ ಸಂಕೋಚದ ಮನುಷ್ಯ ಅಲ್ಲವೇ ಅಲ್ಲ. ಆ ಗೆರೆಗಳನ್ನು ಹಾಳೆಗೆ ಇಳಿಸಿದವರು ನೆಡ್ ನಿಕಲ್ಸ್. ಮೊದಲು ಇದನ್ನು ಕ್ಯಾಡಿಲಾಕ್‌ಗೆ ಅಂತಲೇ ಮಾಡಿದ್ದು, 1940ರಲ್ಲಿ ನಿಂತುಹೋಗಿದ್ದ, ಕ್ಯಾಡಿಲಾಕ್‌ನವರದೇ ಲಾಸಾಲ್ ಅನ್ನುವ ಕಾರಿನ ಹೆಸರನ್ನು ಮತ್ತೆ ತರುವ ಆಸೆಯೂ ಇತ್ತು. ಕ್ಯಾಡಿಲಾಕ್‌ನವರು ಬೇಡ ಅಂದರು. ಇರುವ ಕಾರುಗಳೇ ಮಾರಾಟ ಆಗುತ್ತಿವೆ, ಇನ್ನೊಂದು ತಲೆನೋವು ಯಾಕೆ ಅಂತ.

ಬ್ಯೂಕ್‌ನ ಪರಿಸ್ಥಿತಿ ತದ್ವಿರುದ್ಧ. 1955ರಲ್ಲಿ 7 ಲಕ್ಷಕ್ಕೂ ಹೆಚ್ಚು ಕಾರು ಮಾಡಿದ್ದ ಕಂಪನಿ 1958ಕ್ಕೆ ಎರಡೂವರೆ ಲಕ್ಷದ ಹತ್ತಿರ ಬಂದು ಬಿದ್ದಿತ್ತು. ಈ ಕಾರು ಯಾರಿಗೆ ಸೇರಬೇಕು ಅಂತ ಬ್ಯೂಕ್, ಓಲ್ಡ್ಸ್‌ಮೊಬೈಲ್, ಪಾಂಟಿಯಾಕ್ ಮೂರರ ನಡುವೆ ಪೈಪೋಟಿ ಇಟ್ಟರು. ಬ್ಯೂಕ್‌ನವರು ಮೆಕ್‌ಕ್ಯಾನ್ ಎರಿಕ್ಸನ್ ಜಾಹೀರಾತು ಕಂಪನಿಯನ್ನು ಕರೆಸಿ, ಗಿರಾಕಿಯ ಮುಂದೆ ಮಂಡಿಸುವ ಹಾಗೆ ತಮ್ಮದೇ ಬಾಸ್‌ಗಳ ಮುಂದೆ ಪ್ರೆಸೆಂಟೇಶನ್ ಕೊಟ್ಟು ಗೆದ್ದರು. ಆಫೀಸಿನಲ್ಲಿ ಬಜೆಟ್ ಕೇಳಲು ಸ್ಲೈಡ್ ಮಾಡಿ ಮಾಡಿ ಸುಸ್ತಾದವನು ನಾನು, ಇದನ್ನು ಓದಿದಾಗ ಎಷ್ಟು ಸಮಾಧಾನ ಆಯಿತು ಗೊತ್ತಾ?

1962ರ ಅಕ್ಟೋಬರ್‌ನಲ್ಲಿ, 1963ರ ಮಾಡೆಲ್ ಆಗಿ ರಿವಿಯೆರಾ ಹೊರಬಂತು. ಹೆಸರು ಹೊಸದಲ್ಲ, 1949ರಿಂದಲೇ ಬ್ಯೂಕ್ ತನ್ನ ಬೇರೆ ಕಾರುಗಳಿಗೆ ಅಂಟಿಸುತ್ತಿದ್ದದ್ದು. ಬೆಲೆ 4,333 ಡಾಲರ್‌ನಿಂದ ಶುರು. ಮೊದಲ ವರ್ಷ 40,000 ಮಾತ್ರ ಮಾಡುತ್ತೇವೆ ಅಂತ ಮೊದಲೇ ತೀರ್ಮಾನಿಸಿ ಅಷ್ಟೇ ಮಾಡಿದರು. ಆ ಕಾಲದ ಅಮೆರಿಕನ್ ಕಾರು ಅಂದರೆ ಮೈತುಂಬ ಕ್ರೋಮ್. ಇದರ ಬದಿಯಲ್ಲಿ ಕೈಯಾಡಿಸಿದರೆ ಬರೀ ತಗಡಿನ ಗೆರೆ, ಬೆರಳಿಗೆ ಒಂದೇ ಒಂದು ಏಣು ಸಿಗುತ್ತದೆ ಅಷ್ಟೆ. ಕಿಟಕಿ ಗಾಜಿಗೆ ಫ್ರೇಮ್ ಇಲ್ಲ. ಒಳಗೆ ನಾಲ್ವರಿಗೂ ಬೇರೆ ಬೇರೆ ಬಕೆಟ್ ಸೀಟು, ಮಧ್ಯೆ ಮುಂದಿನಿಂದ ಇಳಿದು ಬರುವ ಕನ್ಸೋಲ್. ಉದ್ದ 208 ಇಂಚು, ಅಂದರೆ ಐದೂಕಾಲು ಮೀಟರ್ ಮೇಲೆ. ಆದರೂ ದಡೂತಿ ಅನ್ನಿಸುವುದಿಲ್ಲ. ಗೆರೆಯ ಮಹಿಮೆ ಅದೇ.

ಅಜ್ಜ ಬಾನೆಟ್ ಎತ್ತಿದರು. ಏರ್ ಕ್ಲೀನರ್ ಮೇಲೆ 'ವೈಲ್ಡ್‌ಕ್ಯಾಟ್ 445' ಅಂತ ಬರೆದಿತ್ತು. ನಾನು ಜಾಣನ ಹಾಗೆ "ಓಹ್, 445 ಕ್ಯೂಬಿಕ್ ಇಂಚು?" ಅಂದೆ. ಅವರು ನಕ್ಕರು. ದಿನಕ್ಕೆ ಹತ್ತು ಜನ ಇದನ್ನೇ ಕೇಳುತ್ತಾರಂತೆ. ಅದು ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ. ಎಂಜಿನ್ 401 ಕ್ಯೂಬಿಕ್ ಇಂಚು, 6.6 ಲೀಟರ್, 325 ಹಾರ್ಸ್‌ಪವರ್. ಬೇಕಾದರೆ 425ರ ಎಂಜಿನ್ನೂ ಸಿಗುತ್ತಿತ್ತು. ಎಂಟು ಸಿಲಿಂಡರಿನ ಈ ವಿ8 ಎಂಜಿನ್‌ಗೆ ಅಡ್ಡಹೆಸರು ನೇಲ್‌ಹೆಡ್. ಇದರ ವಾಲ್ವ್‌ಗಳು ಚಿಕ್ಕವು, ನೆಟ್ಟಗೆ ನಿಂತಿರುತ್ತವೆ, ಕೈಯಲ್ಲಿ ಹಿಡಿದರೆ ಮೊಳೆಯ ಹಾಗೆ. ಚಿಕ್ಕ ವಾಲ್ವ್ ಅಂದರೆ ಜಾಸ್ತಿ ಸ್ಪೀಡಿನಲ್ಲಿ ಉಸಿರು ಕಟ್ಟುತ್ತದೆ, ಆದರೆ ಕೆಳಗಿನಿಂದ ಎಳೆಯುವ ತಾಕತ್ತು ಚೆನ್ನಾಗಿರುತ್ತದೆ. ಗೇರ್‌ಬಾಕ್ಸ್ ಮೊದಲ ವರ್ಷ ಟರ್ಬೈನ್ ಡ್ರೈವ್ ಅನ್ನುವ ಆಟೋಮ್ಯಾಟಿಕ್. ಹೊರಟರೆ ದೋಣಿ ಹೊರಟಂತೆ, ಗೇರ್ ಬದಲಾದದ್ದೇ ಗೊತ್ತಾಗುವುದಿಲ್ಲ. ನುಣುಪು ಹೌದು, ಚುರುಕು ಅಲ್ಲ. 1964ರಲ್ಲಿ ಅದನ್ನು ತೆಗೆದು ಮೂರು ಗೇರಿನ ಆಟೋಮ್ಯಾಟಿಕ್ ಹಾಕಿದರು, ಒಳ್ಳೆಯದೇ ಆಯಿತು. ಬ್ರೇಕು ಡ್ರಮ್ಮೇ, ಆದರೆ ಬಿಸಿ ಬೇಗ ಹೋಗಲಿ ಅಂತ ಏಣುಗಳಿದ್ದ ಅಲ್ಯೂಮಿನಿಯಂ ಡ್ರಮ್. ಮೈಲೇಜ್ ಎಷ್ಟು ಅಂತ ಅಮ್ಮ ನನ್ನ ಕೈಲಿ ಕೇಳಿಸಿದಳು. ಲೀಟರಿಗೆ ಐದಾರು ಕಿಲೋಮೀಟರ್ ಅಂದಿದ್ದಕ್ಕೆ ಮುಂದೆ ಏನೂ ಕೇಳಲಿಲ್ಲ.

ಪಕ್ಕದ 65ರದ್ದು ಇನ್ನೂ ಚೆಂದ. ಮಿಚೆಲ್‌ಗೆ ಮೊದಲಿನಿಂದಲೂ ಹೆಡ್‌ಲೈಟ್ ಬಚ್ಚಿಡುವ ಆಸೆ, 63ಕ್ಕೆ ಅದು ಕೈಗೂಡಲಿಲ್ಲ. 65ರಲ್ಲಿ ಮುಂದಿನ ಎರಡು ಮೂಲೆಯ ಜಾಲರಿಗಳ ಹಿಂದೆ ಒಂದರ ಮೇಲೊಂದು ಲೈಟು ಕೂರಿಸಿದರು. ಸ್ವಿಚ್ ಹಾಕಿದರೆ ಜಾಲರಿ ಕಪ್ಪೆಚಿಪ್ಪಿನ ಹಾಗೆ ಮೇಲೆ ಅರ್ಧ, ಕೆಳಗೆ ಅರ್ಧ ಬಾಯಿ ತೆರೆಯುತ್ತದೆ. ಹಿಂದಿನ ದೀಪಗಳನ್ನು ಬಂಪರ್‌ಗೆ ಇಳಿಸಿದ್ದರಿಂದ ಹಿಂಭಾಗವೂ ನೀಟಾಯಿತು. ಆ ವರ್ಷದ್ದೇ ಗ್ರಾನ್ ಸ್ಪೋರ್ಟ್: 425ರ ಎಂಜಿನ್, ಎರಡು ಕಾರ್ಬ್ಯುರೇಟರ್, 360 ಹಾರ್ಸ್‌ಪವರ್. ಮೂರು ವರ್ಷದಲ್ಲಿ ತಯಾರಾದ ರಿವಿಯೆರಾ ಒಟ್ಟು 1,12,244. ಥಂಡರ್‌ಬರ್ಡ್ ಮುಂದೆ ಈ ಲೆಕ್ಕ ದೊಡ್ಡದಲ್ಲ.

ಮುಂದಿನದನ್ನು ಬೇಗ ಮುಗಿಸುತ್ತೇನೆ, ನನಗೆ ಅಷ್ಟು ಪ್ರೀತಿ ಇಲ್ಲ. 1966ರಲ್ಲಿ ಕಾರು ದೊಡ್ಡದಾಯಿತು. 1971ರಿಂದ 73ರವರೆಗೆ ಹಿಂಭಾಗ ದೋಣಿಯ ಮೂತಿಯ ಹಾಗೆ ಚೂಪಾಯಿತು. ಮಿಚೆಲ್ ಅದನ್ನು ಚಿಕ್ಕ ಚಾಸಿ ಮೇಲೆ ಮಾಡಬೇಕು ಅಂತಿದ್ದರು, ಸಿಕ್ಕಿದ್ದು ದೊಡ್ಡದು. ಕೆಲವರು ಅದಕ್ಕೆ ಪ್ರಾಣ ಬಿಡುತ್ತಾರೆ, ಬಿಡಲಿ. 1979ರದ್ದು ಫ್ರಂಟ್ ವೀಲ್ ಡ್ರೈವ್. 1986ರದ್ದರ ಬಗ್ಗೆ ಮಾತ್ರ ಒಂದು ಮಾತು ಹೇಳಲೇಬೇಕು, ಯಾಕೆಂದರೆ ನನ್ನ ಅನ್ನ ಅದರಿಂದಲೇ. ಅದರ ಡ್ಯಾಶ್‌ಬೋರ್ಡ್‌ನಲ್ಲಿ ಹಳೇ ಟಿವಿಯ ಥರದ ಟ್ಯೂಬಿನ, ಹಸಿರು ಅಕ್ಷರದ ಟಚ್‌ಸ್ಕ್ರೀನ್ ಇತ್ತು. ರೇಡಿಯೋ, ಎಸಿ ಎಲ್ಲ ಬೆರಳಲ್ಲಿ ಒತ್ತಬೇಕು. ನಾನು ಹೊಟ್ಟೆಪಾಡಿಗೆ ಟೆಸ್ಟ್ ಮಾಡೋದು ಕಾರಿನ ಟಚ್‌ಸ್ಕ್ರೀನ್‌ಗಳನ್ನೇ. ರಸ್ತೆಯಿಂದ ಕಣ್ಣು ತೆಗೆಯಬೇಕಾಗುತ್ತೆ ಅಂತ ಆಗಲೂ ಜನ ಬೈದರು, ಈಗಲೂ ಬೈತಾರೆ. ಕಾರನ್ನೂ ತೀರಾ ಕುಗ್ಗಿಸಿದ್ದರು. 1985ರಲ್ಲಿ 65,000 ಇದ್ದದ್ದು ಮರುವರ್ಷ 22,000ಕ್ಕೆ ಇಳಿಯಿತು. 1995ರಲ್ಲಿ ಇನ್ನೊಂದು ಪ್ರಯತ್ನ, ಅದೂ 1999ರ ಮಾಡೆಲ್‌ಗೆ ಮುಗಿಯಿತು. ಕೊನೆಯ 200 ಕಾರುಗಳಿಗೆ ಬೆಳ್ಳಿ ಬಣ್ಣ ಬಳಿದು 'ಸಿಲ್ವರ್ ಆ್ಯರೋ' ಅಂತ ಹೆಸರಿಟ್ಟರು. ಮಿಚೆಲ್ ತಮಗಾಗಿ ಮಾಡಿಸಿಕೊಂಡಿದ್ದ 63ರ ರಿವಿಯೆರಾದ ಹೆಸರು ಅದು.

ಸಂಜೆ ಏಳೂವರೆ ಆಗಿತ್ತು. ನಾವು ಹೊರಡುವ ಹೊತ್ತಿಗೆ 65ರ ಕಾರಿನ ಯಜಮಾನರೂ ಹೊರಟರು, ಲೈಟ್ ಹಾಕಿದರು. ಎಡಗಡೆಯ ಚಿಪ್ಪು ನಿಧಾನಕ್ಕೆ ಬಾಯಿ ತೆರೆಯಿತು. ಬಲಗಡೆಯದು ಅರ್ಧಕ್ಕೇ ನಿಂತಿತು. ಅವರು ಬೇಸರವೇನೂ ಇಲ್ಲದೆ ಇಳಿದು ಬಂದು ಅಂಗೈಯಲ್ಲಿ ಎರಡು ಏಟು ಕೊಟ್ಟರು, ತೆರೆಯಲಿಲ್ಲ. ಮತ್ತೊಂದು ಕೊಟ್ಟರು.

"ಕಣ್ಣು ಹೊಡೀತಿದೆ ನೋಡೋ" ಅಂತ ಅಮ್ಮ ಜೋರಾಗಿ ನಕ್ಕಳು. ಕನ್ನಡ ಬರದ ಅಜ್ಜನೂ ನಕ್ಕರು.