ತಂತಿ ಸುತ್ತಿದ ಇಶಾಪುರದ ರೈಫಲ್: ಪದರಗಳನ್ನು ಬಿಡಿಸುವ ಕೆಲಸ ಎಲ್ಲಿಗೆ ಬಂತು

ನನ್ನ ಬಳಿಯ ಹಳೆಯ ರೈಫಲ್‌ಗೆ ಯಾವ ಬದಲಾವಣೆ ಯಾವಾಗ ಆಯಿತೆಂದು ಪತ್ತೆಹಚ್ಚುವುದರಲ್ಲಿ ತೊಡಗಿದ್ದೇನೆ. ಹಳೆಯ ಬಣ್ಣ ಕಳಚಿದ ಮೇಲೆ ಬಟ್ ಸಾಕೆಟ್ಟಿನ (ಹಿಂಬದಿಯ ಮರ ಸೇರುವ ಲೋಹದ ಭಾಗ) ಮೊಹರು ಕೊನೆಗೂ ಓದಲು ಸಿಕ್ಕಿತು: ಕಿರೀಟ, ಅದರಡಿ ‘ಜಿ.ಆರ್.ಐ.’ (ದೊರೆ-ಚಕ್ರವರ್ತಿ ಜಾರ್ಜ್ ಎಂಬುದರ ಲ್ಯಾಟಿನ್ ಮೊದಲಕ್ಷರಗಳು), ಇಶಾಪುರದ ಹೆಸರು, 1942, ಮಾರ್ಕ್ 3, ಪಕ್ಕದಲ್ಲೊಂದು ನಕ್ಷತ್ರ. ಅಂದರೆ ಬಂಗಾಳದ ಕಾರ್ಖಾನೆಯಲ್ಲಿ ಯುದ್ಧಕಾಲದಲ್ಲಿ ತಯಾರಾದ ಲೀ-ಎನ್‌ಫೀಲ್ಡ್ ಎಂಬ ಬ್ರಿಟಿಷ್ ಸೇನಾ ರೈಫಲ್, ನಕ್ಷತ್ರ ಗುರುತಿನ ಮಾರ್ಕ್ 3 ಮಾದರಿ. ನಮ್ಮ ಊರುಗಳ ಪೊಲೀಸರ ಹೆಗಲ ಮೇಲೆ ದಶಕಗಟ್ಟಲೆ ಕಂಡ ಅದೇ ತ್ರೀ ನಾಟ್ ತ್ರೀ. ನಾನಿರುವುದು ಇಂಗ್ಲೆಂಡಿನಲ್ಲಿ. ನನ್ನದು ಗುಂಡು ಹಾರಿಸಲು ಬಾರದಂತೆ ನಿಷ್ಕ್ರಿಯಗೊಳಿಸಿ, ಪ್ರಮಾಣಪತ್ರದೊಂದಿಗೆ ಮಾರಿದ ರೈಫಲ್. ಬೋಲ್ಟಿನ (ತೋಟೆಯ ಹಿಂದೆ ನಳಿಗೆಯನ್ನು ಮುಚ್ಚುವ ಲೋಹದ ಭಾಗ) ವೆಲ್ಡಿಂಗ್ ಹೊಸಕಾಲದ ಕಾನೂನಿನ ಕೆಲಸ. ಅದನ್ನು ಲೆಕ್ಕದಿಂದ ಹೊರಗಿಟ್ಟಿದ್ದೇನೆ. ಅದರ ಹಿಂದೆ ಏನೇನು ಮುಚ್ಚಿಹೋಗಿದೆ ಎಂದು ಹೊಟ್ಟೆ ಉರಿಯುವುದಂತೂ ನಿಜ.

ಉಳಿದ ಬದಲಾವಣೆಗಳಲ್ಲಿ ಎದ್ದು ಕಾಣುವುದು ತಂತಿ. ನಳಿಗೆಯ ಸುತ್ತಲಿನ ಮರಕ್ಕೆ ಬಿಗಿಯಾಗಿ ತಂತಿ ಸುತ್ತಿ, ಮೇಲೆ ಬೆಸುಗೆ ಹರಿಸಿದ್ದಾರೆ. ಇದು ಯಾರೋ ಮುರಿದ ಮರಕ್ಕೆ ಹಾಕಿದ ಕಟ್ಟಲ್ಲ. ಮೂತಿಗೆ ಬಟ್ಟಲಿನಂಥ ಸಾಧನ ಸಿಕ್ಕಿಸಿ, ಗುಂಡಿಲ್ಲದ ತೋಟೆಯ ಬಲದಿಂದ 36ನೇ ನಂಬರಿನ ಮಿಲ್ಸ್ ಗ್ರೆನೇಡ್ ಎಂಬ ಕೈಬಾಂಬನ್ನು ಎಸೆಯುತ್ತಿದ್ದ ರೈಫಲ್‌ಗಳಿಗೆ ಸೇನೆಯೇ ಮಾಡಿಸಿದ ಬಲವರ್ಧನೆ. ಆ ಹೊಡೆತಕ್ಕೆ ಮರ ಸೀಳಬಾರದು. ನಳಿಗೆ ಒಡೆದರೂ ಚೂರುಗಳು ಸೈನಿಕನ ಮುಖಕ್ಕೆ ಬರಬಾರದು. ಸಂತೆಯಲ್ಲಿ ಇದನ್ನು ‘ಅಪರೂಪದ ಕಮಾಂಡೋ ರೈಫಲ್’ ಎಂದು ಹೊಗಳಿ ಬೆಲೆ ಏರಿಸುವವರ ಮಾತಿಗೆ ನಾನು ಕಿವಿಗೊಡುವುದಿಲ್ಲ.

ಸ್ವಾರಸ್ಯ ಇರುವುದು ತಂತಿಯ ಅಡಿಯಲ್ಲಿ. ಮರದ ಎಡಮಗ್ಗುಲಲ್ಲಿ ಒಂದು ತೇಪೆಯಿದೆ. ದೂರದ ಗುಂಪುಗಳ ಮೇಲೆ ಸಾಮೂಹಿಕವಾಗಿ ಗುಂಡು ಹಾರಿಸಲು ಮಾರ್ಕ್ 3ರಲ್ಲಿದ್ದ ವಾಲಿ ಸೈಟ್ ಎಂಬ ಗುರಿಸಾಧನದ ಫಲಕ ಕೂರುತ್ತಿದ್ದ ಗುಳಿಯನ್ನು ಮುಚ್ಚಿದ ಜಾಗ ಅದು. 1916ರಲ್ಲಿ ಬಂದ ನಕ್ಷತ್ರದ ಮಾದರಿ ಅದನ್ನು ಕೈಬಿಟ್ಟಿತ್ತು. ಹಾಗಾದರೆ 1942ರ ನಕ್ಷತ್ರದ ರೈಫಲ್‌ಗೆ ಈ ಗುಳಿ ಏಕೆ? ನಳಿಗೆ, ರಿಸೀವರ್ (ಬೋಲ್ಟ್ ಓಡಾಡುವ ಲೋಹದ ಚೌಕಟ್ಟು), ಬೋಲ್ಟ್ ಮೂರರಲ್ಲೂ ಒಂದೇ ಸಂಖ್ಯೆ; ಮರದ ತುದಿಯ ಕೆಳಭಾಗದಲ್ಲಿ ಬೇರೊಂದು. ಮರ ಹಳೆಯ ರೈಫಲ್ಲಿನದು. ತಂತಿಯ ಒಂದು ಸುತ್ತು ತೇಪೆಯ ಅಂಚಿನ ಮೇಲೆಯೇ ಹಾದುಹೋಗಿರುವುದರಿಂದ ಕ್ರಮವೂ ಗೊತ್ತಾಯಿತು: ಮೊದಲು ಗುಳಿ ಮುಚ್ಚಿದರು, ಆಮೇಲೆ ತಂತಿ ಸುತ್ತಿದರು. ತೋಟೆಗಳು ಕೂರುವ ಪೆಟ್ಟಿಗೆಯಾದ ಮ್ಯಾಗಜಿನ್ನಿನ ಮುಂದೆ ಮರವನ್ನು ಅಡ್ಡಲಾಗಿ ಬಿಗಿದಿರುವ, ಸಂಗ್ರಾಹಕರು ‘ಇಶಾಪುರ ಸ್ಕ್ರೂ’ ಎನ್ನುವ ತಿರುಪು ಈ ಸಾಲಿನಲ್ಲಿ ಎಲ್ಲಿ ಸೇರುತ್ತದೆಂಬುದು ಇನ್ನೂ ಬಾಕಿ.

ಈ ನಡುವೆ ಗೆಳೆಯರೊಬ್ಬರು ಇನ್ನೊಂದು ಲೀ-ಎನ್‌ಫೀಲ್ಡಿನ ಚಿತ್ರಗಳನ್ನು ಕಳಿಸಿ ಅಭಿಪ್ರಾಯ ಕೇಳಿದರು. ಮ್ಯಾಗಜಿನ್ ಇರಬೇಕಾದ ಜಾಗದಲ್ಲಿ ಮರದ ತುಂಡು, ಮೂತಿಯೊಳಗೆ ಗುಂಡನ್ನು ಗಿರ್ರನೆ ತಿರುಗಿಸುವ ರೈಫ್ಲಿಂಗ್ ಗೆರೆಗಳೇ ಇಲ್ಲ. ನೋಡಿದ ಕೂಡಲೇ ಹೇಳಬಹುದು: ಕಾವಲು ಕೆಲಸಕ್ಕೂ ಗಲಭೆ ಹತ್ತಿಕ್ಕಲೂ ಇಶಾಪುರದಲ್ಲಿ ಬದಲಿಸಿದ ಫೋರ್ ಟೆನ್ (.410 ಅಂಗುಲ) ಮಸ್ಕೆಟ್. ಒಂದು ಸಲಕ್ಕೆ ಒಂದೇ ತೋಟೆ. ನಳಿಗೆಯ ಒಳಅಗಲ 7.7 ಮಿಲಿಮೀಟರಿನಿಂದ ಸುಮಾರು 10.4ಕ್ಕೆ ಏರಿದೆ.

ಅವರೇ ಚಿತ್ರ ಕಳಿಸಿದ ‘ಜಂಗಲ್ ಕಾರ್ಬೈನ್’ (ಲೀ-ಎನ್‌ಫೀಲ್ಡಿನ ನಂಬರ್ 5 ಎಂಬ ಗಿಡ್ಡ, ಹಗುರ ಮಾದರಿ) ಮಾತ್ರ ನನ್ನ ಕಣ್ಣಿಗೆ ಒಪ್ಪುತ್ತಿಲ್ಲ. ಅಸಲಿ ನಂಬರ್ 5ರಲ್ಲಿ ತೂಕ ಇಳಿಸಲು ರಿಸೀವರನ್ನೂ ನಳಿಗೆಯ ಬುಡವನ್ನೂ ಅಲ್ಲಲ್ಲಿ ಕೆತ್ತಿ ತೆಗೆದಿರುತ್ತಾರೆ, ಬೋಲ್ಟಿನ ಹಿಡಿಯ ತುದಿಯ ಗುಂಡಿಯನ್ನೂ ಕೊರೆದಿರುತ್ತಾರೆ. ಇದರಲ್ಲಿ ಗುಂಡಿ ಗಟ್ಟಿ, ರಿಸೀವರ್ ನುಣುಪು. ಯುದ್ಧಾನಂತರ ವ್ಯಾಪಾರಿಗಳು ಉದ್ದದ ನಂಬರ್ 4 ರೈಫಲ್ಲನ್ನು ಮೊಟಕುಗೊಳಿಸಿ ಮಾರಿದ ಬಗೆಯದೆಂದೇ ನನ್ನ ಅನುಮಾನ. ನಳಿಗೆಯ ಬುಡದ ಚಿತ್ರ ಕೇಳಿದ್ದೇನೆ. ಅದು ಬರುವಷ್ಟರಲ್ಲಿ ನನ್ನ ರೈಫಲ್ಲಿನ ಅಡ್ಡ ತಿರುಪಿನ ಸುತ್ತಲಿನ ಬಣ್ಣವನ್ನು ಭೂತಗನ್ನಡಿ ಹಿಡಿದು ನೋಡಬೇಕು: ತಿರುಪಿನ ತಲೆಯ ಅಡಿಯ ಮರದ ಮೇಲೂ ಬಣ್ಣ ಹರಡಿದ್ದರೆ ತಿರುಪು ಬಣ್ಣದ ನಂತರ ಬಂದದ್ದು.