ಮಳೆಗಾಲದ ಮಲೆನಾಡಿನಿಂದ ರಾಟರ್‌ಡ್ಯಾಮ್‌ನ ಜಾಝ್ ಉತ್ಸವಕ್ಕೆ

ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ನಗರದಲ್ಲಿ ನಾರ್ತ್ ಸೀ ಜಾಝ್ ಉತ್ಸವ ನಡೆಯುವುದು ಜುಲೈ ತಿಂಗಳ ಎರಡನೆಯ ವಾರಾಂತ್ಯದ ಆಸುಪಾಸಿನಲ್ಲಿ, ಶುಕ್ರವಾರದಿಂದ ಭಾನುವಾರದವರೆಗೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಅಡಿಕೆ ಬೆಳೆಗಾರರಿಗೆ ಇದು ಅನುಕೂಲದ ಕಾಲವಲ್ಲ. ಕೊಳೆರೋಗ ಬಾರದಿರಲೆಂದು ಮುಂಗಾರಿನ ಆರಂಭದಲ್ಲಿ ಹೊಡೆದ ಬೋರ್ಡೋ ದ್ರಾವಣ ಮಳೆಗೆ ತೊಳೆದುಹೋಗಿ, ಎರಡನೆಯ ಬಾರಿ ಔಷಧಿ ಹೊಡೆಸಬೇಕಾದ ದಿನಗಳು ಹತ್ತಿರವಾಗುವ ಹೊತ್ತಿಗೇ ಉತ್ಸವವೂ ಬರುತ್ತದೆ. ಆದ್ದರಿಂದ ವಿಮಾನದ ಟಿಕೆಟ್ ಕೊಳ್ಳುವ ಮುಂಚೆ ಮರವೇರಿ ಔಷಧಿ ಹೊಡೆಯುವ ಕೊನೆಗಾರರ ದಿನವನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ವೀಸಾ ಕೆಲಸವನ್ನು ಫೆಬ್ರವರಿ, ಮಾರ್ಚ್‌ನಲ್ಲೇ ಆರಂಭಿಸಬಹುದು, ಏಕೆಂದರೆ ನೆದರ್‌ಲ್ಯಾಂಡ್ಸ್ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕಿಂತ ಆರು ತಿಂಗಳು ಮೊದಲೇ ಅರ್ಜಿ ಹಾಕಲು ಅವಕಾಶವಿದೆ. 2024ರ ಜೂನ್‌ನಿಂದ ವಯಸ್ಕರ ಶುಲ್ಕ 90 ಯೂರೊ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಸಂಬಳದ ಚೀಟಿ ಇಲ್ಲದ ಕೃಷಿಕರು ಪಹಣಿ, ಅಡಿಕೆ ಮಂಡಿಯ ಲೆಕ್ಕಪಟ್ಟಿ ಮತ್ತು ಬ್ಯಾಂಕ್ ಖಾತೆಯ ವಿವರಗಳನ್ನು ಒಂದಕ್ಕೊಂದು ತಾಳೆಯಾಗುವಂತೆ ಜೋಡಿಸಿ, ಕನ್ನಡದಲ್ಲಿರುವ ಕಾಗದಗಳ ಇಂಗ್ಲಿಷ್ ಅನುವಾದವನ್ನು ಜೊತೆಗಿಡಬೇಕು. ಊರಿನಲ್ಲಿ ತೋಟವಿದೆ ಎಂಬುದು, ನಾವು ಮರಳಿ ಬರುತ್ತೇವೆ ಎಂಬುದಕ್ಕೆ ಒಳ್ಳೆಯ ಸಾಕ್ಷಿಯೇ ಆಗುತ್ತದೆ.

ಸೋಗಾನೆಯ ವಿಮಾನ ನಿಲ್ದಾಣ 2023ರಲ್ಲಿ ಆರಂಭವಾದ ಮೇಲೆ ಶಿವಮೊಗ್ಗದಿಂದಲೇ ಹಾರಬಹುದಾದರೂ, ಜುಲೈನ ದಟ್ಟ ಮೋಡವನ್ನು ನಂಬಿ ಅದೇ ದಿನದ ಅಂತರರಾಷ್ಟ್ರೀಯ ವಿಮಾನಕ್ಕೆ ಹೊಂದಿಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ತಾಳಗುಪ್ಪದಿಂದ ಮೈಸೂರಿಗೆ ಹೋಗುವ ರಾತ್ರಿ ರೈಲು ಬೆಳಗಿನ ಜಾವಕ್ಕೆ ಬೆಂಗಳೂರು ಮುಟ್ಟಿಸುತ್ತದೆ. ಒಂದು ದಿನ ಮೊದಲೇ ಅದರಲ್ಲಿ ಹೊರಟರೆ ಘಟ್ಟದ ದಾರಿಯಲ್ಲಿ ಮರ ಬಿದ್ದರೂ ಗಾಬರಿಯಾಗಬೇಕಿಲ್ಲ. ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ನೇರ ವಿಮಾನವಿದೆ. ಅಲ್ಲಿನ ಸ್ಕಿಪೋಲ್ ನಿಲ್ದಾಣದ ಕೆಳಗೇ ರೈಲು ಸಿಗುತ್ತದೆ. ವೇಗದ ರೈಲಾದರೆ ರಾಟರ್‌ಡ್ಯಾಮ್ ಅರ್ಧ ಗಂಟೆಯೊಳಗಿನ ದಾರಿ. ಯುಪಿಐ ಅನ್ನು ಮರೆತುಬಿಡಿ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಕಂಪನಿಯ ಬ್ಯಾಂಕ್ ಕಾರ್ಡಿನಲ್ಲಿ ವಿದೇಶಿ ಬಳಕೆಯನ್ನೂ ಟ್ಯಾಪ್ ಮಾಡುವ ಸೌಲಭ್ಯವನ್ನೂ ಇಲ್ಲಿಂದಲೇ ಚಾಲೂ ಮಾಡಿಸಿಕೊಂಡು ಹೋದರೆ ಮೆಟ್ರೊಗೂ ಸಾಮಾನ್ಯ ರೈಲಿಗೂ ಬೇರೆ ಟಿಕೆಟ್ ಬೇಡ, ಸ್ಕಿಪೋಲ್‌ನಿಂದ ಬರುವ ವೇಗದ ರೈಲಿಗೆ ಮಾತ್ರ ಹೆಚ್ಚುವರಿ ಶುಲ್ಕ ಕಟ್ಟಬೇಕು. ಹತ್ತುವಾಗ ಮುಟ್ಟಿಸಿದ ಕಾರ್ಡನ್ನೇ ಇಳಿಯುವಾಗಲೂ ಮುಟ್ಟಿಸಬೇಕು.

ಇನ್ನು ಸಂಗೀತದ ವಿಷಯ. 1976ರಲ್ಲಿ ಹೇಗ್ ನಗರದಲ್ಲಿ ಸಾರಾ ವಾನ್, ಕೌಂಟ್ ಬೇಸಿ, ಡಿಝಿ ಗಿಲೆಸ್ಪಿಯಂಥ ಜಾಝ್ ಕಲಾವಿದರ ಕಛೇರಿಗಳೊಂದಿಗೆ ಆರಂಭವಾಗಿ, 2006ರಲ್ಲಿ ರಾಟರ್‌ಡ್ಯಾಮ್‌ನ ಅಹೋಯ್ ಸಭಾಂಗಣ ಸಮುಚ್ಚಯಕ್ಕೆ ಬಂದ ಈ ಉತ್ಸವದಲ್ಲಿ ಹಿಪ್-ಹಾಪ್‌ಗೂ ಚರ್ಚ್ ಗಾಯನದಿಂದ ಬೆಳೆದ ಸೋಲ್ ಸಂಗೀತಕ್ಕೂ ಏನು ಕೆಲಸ ಎಂದು ಶುದ್ಧ ಜಾಝ್ ಪ್ರಿಯರು ಮೂಗು ಮುರಿಯುವುದುಂಟು. ಆ ಆಕ್ಷೇಪದಲ್ಲಿ ನನಗೆ ಹುರುಳು ಕಾಣುವುದಿಲ್ಲ. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಎರಡು ಟರ್ನ್‌ಟೇಬಲ್‌ಗಳ ಮೇಲೆ ಹಳೆಯ ಫಂಕ್, ಸೋಲ್ ಸಂಗೀತದ ಗ್ರಾಮಫೋನ್ ತಟ್ಟೆಗಳ ಡ್ರಮ್ ಭಾಗವನ್ನಷ್ಟೇ ಮತ್ತೆ ಮತ್ತೆ ನುಡಿಸಿ ಕುಣಿಸಿದ್ದರಿಂದಲೇ ಹಿಪ್-ಹಾಪ್ ಹುಟ್ಟಿತು. ಮುಂದೆ ಅದು ಜಾಝ್ ತಟ್ಟೆಗಳಿಂದಲೂ ಧಾರಾಳವಾಗಿ ಕಡ ತಂದಿತು. ತಟ್ಟೆಯಿಂದ ಎತ್ತಿದ ಆ ತುಣುಕುಗಳನ್ನು ವೇದಿಕೆಯ ಮೇಲೆ ವಾದ್ಯಗಾರರು ಕೈಯಾರೆ ನುಡಿಸುವಾಗ ಸಾಲ ಮರಳಿ ಮನೆಗೆ ಬಂದಂತಾಗುತ್ತದೆ.

ನಾನು ಉತ್ಸವಕ್ಕೆ ಹೋದಾಗ ಒಂದು ರಾತ್ರಿ ಇಂಥದೊಂದು ಹಿಪ್-ಹಾಪ್ ಕಛೇರಿಯಲ್ಲಿ ನಿಂತದ್ದು ಡ್ರಮ್ ವಾದಕನಿಗೆ ಎದುರಾಗಿ, ಕಂಬಿಯ ಹತ್ತಿರ. ಆತ ಸ್ನೇರ್ ಡ್ರಮ್‌ನ ಚರ್ಮದ ಅಂಚಿಗೆ ಒಂದು ಸಣ್ಣ ಬಟ್ಟೆಯನ್ನು ಮಡಚಿ ಇಟ್ಟುಕೊಂಡಿದ್ದ. ಪೆಟ್ಟು ಬಿದ್ದಾಗ ನಾದ ಹರಡದೆ, ಹಳೆಯ ತಟ್ಟೆಯಲ್ಲಿ ಕೇಳುವ ಹಾಗೆ ಒಣಗಿ ನಿಲ್ಲುತ್ತಿತ್ತು. ಪ್ರತಿ ಪೆಟ್ಟೂ ಲಯಕ್ಕಿಂತ ಕೂದಲೆಳೆಯಷ್ಟು ತಡವಾಗಿ ಬೀಳುತ್ತಿದ್ದುದರಿಂದ ಮೈ ತಾನಾಗಿ ಹಿಂದಕ್ಕೆ ವಾಲುತ್ತಿತ್ತು. ರ‍್ಯಾಪರ್ ಕೈ ಎತ್ತಿದ ಕೂಡಲೇ ಬೇಸ್, ಕೀಬೋರ್ಡ್ ಎರಡೂ ನಿಂತು ಹೈ-ಹ್ಯಾಟ್ ಎಂಬ ಜೋಡಿ ತಾಳವೊಂದೇ ಉಳಿಯಿತು, ಆತ ಉಸಿರು ಬಿಡದೆ ಸಾಲುಗಳನ್ನು ಕಟ್ಟುತ್ತ ಹೋದ. ತಾಳಮದ್ದಳೆಯಲ್ಲಿ ಪದ್ಯ ಮುಗಿದ ಮೇಲೆ ಮಾತಿಗಿಳಿಯುವ ಅರ್ಥಧಾರಿಯನ್ನು ಕೇಳಿ ಬೆಳೆದವರಿಗೆ, ಆ ಇಂಗ್ಲಿಷ್ ಅರ್ಧ ತಿಳಿಯದಿದ್ದರೂ, ಆ ಸಾಹಸದ ರುಚಿ ತಿಳಿಯುತ್ತದೆ. ಬಳಿಕ ಬಂದ ಸೋಲ್ ಗಾಯಕಿಯ ಬಳಿ ಚರ್ಚ್ ಗಾಯನದ ಪಳಗಿಕೆ ಎದ್ದು ಕಾಣುತ್ತಿತ್ತು: ಒಂದು ಅಕ್ಷರವನ್ನು ಹಿಡಿದು ಐದಾರು ಸ್ವರಗಳ ಮೇಲೆ ಎಳೆಯುವುದು, ಹಿಂದಿನ ಮೂವರು ಅದಕ್ಕೆ ಉತ್ತರ ಕೊಡುವುದು, ಕೊನೆಗೆ ಆ ಉತ್ತರವನ್ನು ಸಭೆಯ ಬಾಯಿಗೇ ಬಿಟ್ಟು ತಾನು ಸುಮ್ಮನಾಗುವುದು.

ಇಷ್ಟೆಲ್ಲ ದಕ್ಕಬೇಕಾದರೆ ಓಡಾಟ ಕಡಿಮೆ ಮಾಡಬೇಕು. ಅಹೋಯ್‌ನಲ್ಲಿ ಒಂದೇ ಹೊತ್ತಿಗೆ ಹತ್ತಕ್ಕೂ ಹೆಚ್ಚು ವೇದಿಕೆಗಳು ನಡೆಯುತ್ತವೆ. ಅವುಗಳಿಗೆ ನೈಲ್, ಮಾಸ್, ಹಡ್ಸನ್, ಕಾಂಗೊ ಎಂದು ನದಿಗಳ ಹೆಸರು. (ತುಂಗೆ, ಶರಾವತಿಯ ಹೆಸರಿನದೊಂದು ಇರಬಾರದಿತ್ತೇ ಎಂದು ಅನ್ನಿಸದಿರಲಿಲ್ಲ.) ಎಲ್ಲೆಡೆ ಇಣುಕುತ್ತ ಹೋದವರಿಗೆ ಸಿಗುವುದು ಬಾಗಿಲ ಬಳಿಯ ನೂಕುನುಗ್ಗಲು ಮಾತ್ರ. ಸಂಜೆಗೆ ಎರಡು ಕಛೇರಿಗಳನ್ನು ಗುರುತು ಹಾಕಿಕೊಂಡು, ಮುಕ್ಕಾಲು ಗಂಟೆ ಮೊದಲೇ ಹೋಗಿ, ಕೊನೆಯವರೆಗೂ ನಿಲ್ಲಿ. ಇಂಥ ಕಛೇರಿಗಳಲ್ಲಿ ಕುರ್ಚಿ ಸಿಗುವುದು ಅಪರೂಪವಾದ್ದರಿಂದ ಮೆತ್ತಗಿನ ಬೂಟು ಬೇಕು. ಇಯರ್‌ಪ್ಲಗ್ ಮರೆಯಬಾರದು, ಬೇಸ್‌ನ ಹೊಡೆತ ಎದೆಯಲ್ಲೇ ಕೇಳಿಸುತ್ತದೆ. ಟಿಕೆಟ್ ದುಬಾರಿ ಎನ್ನಿಸಿದವರಿಗೆ, ಉತ್ಸವಕ್ಕೆ ಮೊದಲಿನ ದಿನಗಳಲ್ಲಿ ನಾರ್ತ್ ಸೀ ರೌಂಡ್ ಟೌನ್ ಎಂಬ ಹೆಸರಿನಲ್ಲಿ ನಗರದ ಬೀದಿ, ಕೆಫೆಗಳಲ್ಲಿ ನಡೆಯುವ ಕಾರ್ಯಕ್ರಮಗಳಿವೆ, ಅವುಗಳಲ್ಲಿ ಅನೇಕವು ಉಚಿತ.

ಸಸ್ಯಾಹಾರಿಗಳು ರಾಟರ್‌ಡ್ಯಾಮ್‌ನಲ್ಲಿ ಸುರಿನಾಮ್ ಮೂಲದವರ ರೋಟಿ ಅಂಗಡಿ ಹುಡುಕಲಿ. 1873ರಿಂದ ಸುರಿನಾಮ್‌ಗೆ ಕೂಲಿಗೆ ಹೋದ ಭಾರತೀಯರ ಸಂತತಿಯವರು ಮಾಡುವ ಆ ರೋಟಿ, ಆಲೂಗಡ್ಡೆ, ಅಲಸಂದೆಕಾಯಿಯ ಊಟ ನಮ್ಮ ನಾಲಗೆಗೆ ಒಗ್ಗುತ್ತದೆ. ಕೋಳಿ, ಮೊಟ್ಟೆ ಬೇಡವೆಂದು ಮೊದಲೇ ಹೇಳಬೇಕು.

ಅಹೋಯ್‌ಗೆ ಹತ್ತಿರದ ಮೆಟ್ರೊ ನಿಲ್ದಾಣ ಝೌಡ್‌ಪ್ಲೇನ್. ರಾಟರ್‌ಡ್ಯಾಮ್ ಸೆಂಟ್ರಲ್‌ನಿಂದ ಡಿ ಅಥವಾ ಇ ಮಾರ್ಗ ಹಿಡಿದು ಇಳಿದರೆ ಕೆಲವೇ ನಿಮಿಷದ ನಡಿಗೆ. ಕಾರ್ಯಕ್ರಮ ನಡುರಾತ್ರಿ ದಾಟುವುದರಿಂದ ಕೊನೆಯ ಮೆಟ್ರೊದ ವೇಳೆಯನ್ನು ಒಳಗೆ ಹೋಗುವ ಮೊದಲೇ ನೋಡಿಟ್ಟುಕೊಳ್ಳಿ. ಕೋಣೆ ದುಬಾರಿಯಾಗಿ ಬೇರೆ ಊರಿನಲ್ಲಿ ತಂಗುವವರಿಗೆ ಡೆಲ್ಫ್ಟ್, ಹೇಗ್, ಆಮ್‌ಸ್ಟರ್‌ಡ್ಯಾಮ್ ಕಡೆಗೆ ರಾತ್ರಿಯಿಡೀ ಸುಮಾರು ಗಂಟೆಗೊಂದರಂತೆ ರೈಲು ಇರುತ್ತದೆ.